ಮಂಚದ ಕೆಳಗಿನ ಚೀಲ ನೋಡುವವರು

ಅವರನ್ನು ಕೂರಿಸಿದ್ದರು. ಅವರದೇ ಮನೆಯ ಹಾಲಿನಲ್ಲಿ, ಗೋಡೆಗೆ ಆನಿಸಿ, ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಸೇವಂತಿಗೆ ಹಾರ ಹಾಕಿ. ತೀರಿಹೋದವರನ್ನು ಮಲಗಿಸಿದ್ದನ್ನೇ ನೋಡಿದ ಕಣ್ಣು ನನ್ನದು. ತಮ್ಮ ಕಡೆ ಹೀಗೆಯೇ ಪದ್ಧತಿ ಅಂತ ಹುಬ್ಬಳ್ಳಿಯಿಂದ ಬಂದಿದ್ದ ಅವರ ತಮ್ಮ ಮೆಲ್ಲಗೆ ಹೇಳಿದರು. ಕೆಳಮನೆಯ ಮಾಮಿ ಬಾಗಿಲ ತನಕ ಬಂದವರು "ಅಯ್ಯೋ ಪೆರುಮಾಳೇ" ಎಂದು ಹೊಸ್ತಿಲಲ್ಲೇ ನಿಂತುಬಿಟ್ಟರು. ನಾನು ಒಳಗೆ ಹೋದೆ. ಕನ್ನಡಕ ತೆಗೆದಿದ್ದರು. ಮೂಗಿನ ಎರಡೂ ಪಕ್ಕ ಅದು ಒತ್ತಿ ಒತ್ತಿ ಆದ ಕುಳಿ ಹಾಗೇ ಉಳಿದಿತ್ತು. ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ನೋಟ ನೆಲದ ಕಡೆಗೆ ಇದ್ದ ಹಾಗಿತ್ತು. ಬದುಕಿದ್ದಾಗಲೂ ಅಷ್ಟೇ, ಎಲ್ಲರೂ ಮುಖ ನೋಡಿ ಮಾತಾಡುವ ಹೊತ್ತಿನಲ್ಲಿ ಅವರು ಇನ್ನೇನನ್ನೋ ನೋಡುತ್ತಿದ್ದರು.

ನಮ್ಮ ಮೇಲಿನ ಮನೆಯ ಅವರು ಅರಿವಳಿಕೆ ಡಾಕ್ಟರು, ಆಪರೇಷನ್‌ಗೆ ರೋಗಿಯನ್ನು ಮಲಗಿಸುವವರು. ಅಣ್ಣಾ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮೆರಡೇ ಕನ್ನಡದ ಮನೆ. ನಾವು ಮೂರು ತಲೆಮಾರಿನಿಂದ ಮದ್ರಾಸಿನವರು, ಮಾಧ್ವರು. ನಮ್ಮ ಕನ್ನಡದಲ್ಲಿ ಅರ್ಧ ತಮಿಳು. ಅವರು ಧಾರವಾಡದ ಕಡೆಯ ಲಿಂಗಾಯತರು. ಓದಲು ಬಂದವರು ಇಲ್ಲೇ ಉಳಿದರು, ಮದುವೆಯಾಗಲಿಲ್ಲ. ಯಾರಾದರೂ ಕೆದಕಿದರೆ, "ಮಲಗಿಸೋ ಕೆಲಸ ನಂದು. ಎಚ್ಚರ ಇರೋ ಗಂಡಸು ಒಬ್ಬನೂ ಒಪ್ಪಲಿಲ್ಲ" ಅನ್ನುತ್ತಿದ್ದರು, ನಗದೆ. ಒಂದೇ ಆಸ್ಪತ್ರೆಯಲ್ಲಿ ಇರಲಿಲ್ಲ. ಸರ್ಜನ್‌ಗಳು ಫೋನ್ ಮಾಡಿ ಕರೆದಲ್ಲಿಗೆ ಹೋಗಿಬರುತ್ತಿದ್ದರು. ದವಡೆ, ಹಲ್ಲು, ಮುಖದ ಮೂಳೆಯ ಆಪರೇಷನ್‌ಗಳಿಗೆ ಅವರಿಗೇ ಹೆಚ್ಚು ಕರೆ.

ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕರೆ ಗುಡ್ ಮಾರ್ನಿಂಗ್ ಇಲ್ಲ, ತಿಂಡಿ ಆಯ್ತಾ ಅನ್ನೋದಿಲ್ಲ. ಕೈ ಹಿಡಿದು ಒಂದು ಬೆರಳಿನ ಉಗುರು ಒತ್ತಿ ಬಿಡುವರು. ಬಿಳಿಚಿದ ಉಗುರು ಮತ್ತೆ ಕೆಂಪಾಗುವ ತನಕ ಕಣ್ಣು ಕೀಳುತ್ತಿರಲಿಲ್ಲ. ನಾನೂ ಉಸಿರು ಬಿಗಿಹಿಡಿದು ನನ್ನದೇ ಉಗುರನ್ನು ಪರರದೆಂಬಂತೆ ನೋಡುತ್ತಾ ನಿಲ್ಲುತ್ತಿದ್ದೆ. ಆಮೇಲೆ ಕೇಳುವ ಪ್ರಶ್ನೆ ಒಂದೇ.

"ಒಂದಕ್ಕ ಹೋಗಿದ್ಯೇನವಾ? ಬಣ್ಣ ಹ್ಯಾಂಗಿತ್ತು?"

ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸಿಸ್ಟರ್ ಮುಂದೆ ಆ ಮಾತೇ ಎತ್ತುವಂತಿರಲಿಲ್ಲ, ಬೆರಳೆತ್ತಿ "ಮೇ ಐ ಗೋ ಔಟ್" ಅನ್ನಬೇಕು, ಎಲ್ಲಿಗೆ ಅನ್ನೋದು ದೇವರಿಗೂ ಸಿಸ್ಟರಿಗೂ ತಾನಾಗಿ ತಿಳಿಯಬೇಕು. ಇವರು ಲಿಫ್ಟಿನಲ್ಲಿ, ಪೇಪರಿನ ಹುಡುಗನ ಎದುರಿಗೆ, ಬಣ್ಣ ಕೇಳಿದರೆ! ವಾಚ್‌ಮನ್‌ಗೂ ಬಿಡುತ್ತಿರಲಿಲ್ಲ. ಧಾರವಾಡದ ಎಳೆತದ ತಮಿಳಿನಲ್ಲಿ "ತಣ್ಣಿ ಕುಡಿಚ್ಚಿಯಾಪ್ಪಾ? ಪೋಯಿಟ್ಟು ವಂದಿಯಾ?", ನೀರು ಕುಡಿದೆಯಾ, ಹೋಗಿ ಬಂದೆಯಾ ಅಂತ ವಿಚಾರಣೆ. ಅವರ ಸ್ಕೂಟರಿನ ಸದ್ದು ಕೇಳಿದರೆ ಅವನು ಜನರೇಟರ್ ರೂಮಿಗೆ ಓಡುತ್ತಿದ್ದ.

"ಅವಳು ಡಾಕ್ಟರೋ ಪ್ಲಂಬರೋ?" ಎಂದು ನಮ್ಮತ್ತೆ ಮೂಗು ಮುರಿಯುತ್ತಿದ್ದರು. ಆ ಮಾತನ್ನು ಯಾರೋ ಅವರ ಕಿವಿಗೆ ಹಾಕಿದ್ದಾರೆ. ಮರುದಿನವೇ ಬಂದು ಅತ್ತೆಯ ಪಕ್ಕ ಕೂತು, "ಖರೇ ಹೇಳಿದ್ರಿ ಅಜ್ಜಿ. ಎರಡೂ ಒಂದ ಕೆಲಸರಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ ವಿವರಿಸಿದರು. ಬೇಸಿಗೆಯಲ್ಲಿ ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಇಳಿದರೆ ಮೊದಲು ಒಣಗುವುದು ಮೇಲಿನ ಮಹಡಿಯ ನಲ್ಲಿ. ಕೆಳಗಿನ ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಅವರು ಆರಾಮವಾಗಿ ಬಟ್ಟೆ ಒಗೆಯುತ್ತಿರುತ್ತಾರೆ. ಮುಖದ ಮೂಳೆ ಕತ್ತರಿಸುವಾಗ ರಕ್ತ ಬಹಳ ಹೋಗುತ್ತದೆ, ಸರ್ಜನ್‌ಗೆ ಕಾಣುವುದಿಲ್ಲ. ಆದ್ದರಿಂದ ಔಷಧ ಕೊಟ್ಟು ಬೇಕಂತಲೇ ರಕ್ತದೊತ್ತಡ ಇಳಿಸುತ್ತಾರೆ. ರಕ್ತ ಜಿನುಗುವುದು ಕಡಿಮೆಯಾಗುತ್ತದೆ, ಸರ್ಜನ್ ಹಾಡು ಗುನುಗುತ್ತಾ ಕೆಲಸ ಮಾಡುತ್ತಾನೆ.

"ಆದ್ರ ಕಿಡ್ನಿ ಅಂಬೋದು ಮ್ಯಾಲಿನ ಮಹಡಿ ನಲ್ಲಿ ಇದ್ದಂಗ, ತಂಗಿ. ಪ್ರೆಶರ್ ಇಳದ್ರ ಮೊದಲ ಅದಕ್ಕ ಬಿಸಿ. ಅದು ಚೀರಂಗಿಲ್ಲ, ನೋವು ಅನ್ನಂಗಿಲ್ಲ. ಸುಮ್ಮನ ಬಂದ್ ಆಗ್ತೈತಿ."

ಆ ಸುಮ್ಮನ ಅನ್ನುವಾಗ ಅವರ ದನಿ ಇಳಿಯಿತು. ಅತ್ತೆ ಕೂಡ ಜಪಮಾಲೆ ನಿಲ್ಲಿಸಿ ನೋಡಿದರು.

ಪರಿಚಯದವರು ಆಸ್ಪತ್ರೆ ಸೇರಿದಾಗ ಒಮ್ಮೊಮ್ಮೆ ಇಬ್ಬರೂ ಜೊತೆಗೆ ನೋಡಲು ಹೋಗುತ್ತಿದ್ದೆವು. ನಾನು ಹಾರ್ಲಿಕ್ಸ್ ಬಾಟ್ಲಿ ಹಿಡಿದು ರೋಗಿಯ ಮುಖ ನೋಡಿ, "ಪರವಾಗಿಲ್ಲ, ಚೆನ್ನಾಗಿ ಕಾಣ್ತೀರಿ" ಅನ್ನುವವಳು. ಎಲ್ಲದಕ್ಕೂ ಪರವಾಗಿಲ್ಲ ಅನ್ನುವುದು ನನ್ನ ಜಾಯಮಾನ. ಬಂದ ಉಳಿದವರು ಮೇಲೆ ತೂಗುವ ಗ್ಲೂಕೋಸ್ ಬಾಟ್ಲಿ ನೋಡುವರು. ಇವರು ಮಾತ್ರ ಸೀರೆ ನೆರಿಗೆ ಎತ್ತಿಕೊಂಡು, ಬಗ್ಗಿ, ಮಂಚದ ಕೆಳಗೆ ನೇತುಹಾಕಿದ ಮೂತ್ರದ ಚೀಲ ನೋಡುವರು. ಅದನ್ನು ನೋಡಿ ಎದ್ದಾಗ ಒಮ್ಮೊಮ್ಮೆ ಅವರ ಮುಖ ಗಂಟಾಗಿರುತ್ತಿತ್ತು. "ಮ್ಯಾಲಿನ ಬಾಟ್ಲಿ ನಾವು ಹಾಕಿದ್ದು. ಕೆಳಗಿನ ಚೀಲ ಅವರು ಕೊಟ್ಟಿದ್ದು. ಅದು ಸುಳ್ಳು ಹೇಳಂಗಿಲ್ಲ" ಅನ್ನುತ್ತಿದ್ದರು. ಹಾಗೆ ಅವರ ಮುಖ ಗಂಟಾಗಿಸಿದ ರೋಗಿಗಳಲ್ಲಿ ಕೆಲವರು ಮನೆಗೆ ಮರಳಲಿಲ್ಲ.

ಅವರ ಇನ್ನೊಂದು ಗುಣ ಹೇಳಬೇಕು. ಹಬ್ಬಕ್ಕೆ ನಮಗೆ ತಪ್ಪದೆ ಹೋಳಿಗೆ, ಶೇಂಗಾ ಚಟ್ನಿಪುಡಿ ತಂದುಕೊಡುವರು. ನಮ್ಮತ್ತೆ ಮಡಿ, ಹೊರಗಿನ ಅಡುಗೆ ಮುಟ್ಟುವುದಿಲ್ಲ. ಅದು ಅವರಿಗೆ ಗೊತ್ತು. ಅತ್ತೆಗೆಂದೇ ಬೇರೆಯಾಗಿ ಒಂದು ಡಜನ್ ಬಾಳೆಹಣ್ಣು. ಇಷ್ಟೆಲ್ಲ ಗೊತ್ತಿತ್ತು ಅವರಿಗೆ ನಮ್ಮ ಮನೆಯ ಬಗ್ಗೆ. ಒಂದು ಗೊತ್ತಿರಲಿಲ್ಲ.

ನನ್ನ ಮಗಳು ಪದ್ದುವಿಗೆ ಚಿಕ್ಕಂದಿನಿಂದ ಕೆಳದವಡೆ ಮುಂದೆ. ಮುಂದಿನ ಹಲ್ಲಿಗೆ ಹಲ್ಲು ಕೂಡುತ್ತಿರಲಿಲ್ಲ. ದೋಸೆಯನ್ನು ಬೆರಳಿನಲ್ಲಿ ಹರಿದುಕೊಂಡು ಕಡೆಹಲ್ಲಿಗೆ ತಳ್ಳಿ ಅಗಿಯುತ್ತಿದ್ದಳು. ಸ್ಯಾಂಡ್‌ವಿಚ್ ಕಚ್ಚಿದ್ದೇ ಇಲ್ಲ. ಫೋಟೋ ತೆಗೆಯುವಾಗ ಗದ್ದಕ್ಕೆ ಕೈ. ವರ್ಷಗಟ್ಟಲೆ ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಮೇಲೆ, ಎರಡೂ ದವಡೆ ಕತ್ತರಿಸಿ ಸರಿಯಾಗಿ ಕೂರಿಸುವ ಆಪರೇಷನ್ ನಿಗದಿಯಾಯಿತು. ಅರಿವಳಿಕೆ ಯಾರು ಅಂತ ಕೇಳುವ ಪ್ರಶ್ನೆಯೇ ಇರಲಿಲ್ಲ. "ಮ್ಯಾಲಿನ ಮನೀ ಆಂಟಿ ಇದ್ದಾರಲ್ಲ" ಎಂದು ಪದ್ದು ಅವರ ದನಿಯಲ್ಲೇ ಅಣಕಿಸಿ ನಕ್ಕಿದ್ದಳು.

ಆಪರೇಷನ್‌ನ ಹಿಂದಿನ ದಿನ ಏಕಾದಶಿ. ಮೇ ತಿಂಗಳು, ಹೊರಗೆ ಕಾಲಿಟ್ಟರೆ ಚಪ್ಪಲಿ ರಸ್ತೆಗೆ ಅಂಟಿಕೊಳ್ಳುವ ಬಿಸಿಲು. ನಮ್ಮತ್ತೆ ಏಕಾದಶಿ ದಿನ ನೀರನ್ನೂ ಮುಟ್ಟುವವರಲ್ಲ, ಮರುದಿನ ದ್ವಾದಶಿ ಪಾರಣೆಯ ತನಕ. ಎಂಬತ್ತು ದಾಟಿದರೂ ಬಿಟ್ಟಿರಲಿಲ್ಲ. ನಮಗೆ, ಮಗಳಿಗೆ ಆ ಕಟ್ಟುನಿಟ್ಟು ಇರಲಿಲ್ಲ. ನಾನು ಪದ್ದುವಿನ ಕೋಣೆಗೆ ಎಳನೀರು, ಮೋಸಂಬಿ ಜ್ಯೂಸ್ ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಲೋಟ ಖಾಲಿ. ಸಂಜೆ ಮಿಕ್ಸಿ ಜಾರಿನ ಬ್ಲೇಡ್ ಹರಿತ ಮಾಡಿಸಿಕೊಂಡು ಬರಲು ಹೋದೆ. ಮಾರನೆ ದಿನದಿಂದ ವಾರಗಟ್ಟಲೆ ಅವಳಿಗೆ ಎಲ್ಲವನ್ನೂ ಅರೆದು ನೀರಾಗಿಸಿಯೇ ಕೊಡಬೇಕಲ್ಲ.

ನಾನಿಲ್ಲದ ಹೊತ್ತಿನಲ್ಲಿ ಅಕ್ಕ ಬಂದಿದ್ದರು. ಡಾಕ್ಟರನ್ನು ಅಕ್ಕ ಅಂತಲೇ ನಾನು ಕರೆಯುತ್ತಿದ್ದುದು. ಪದ್ದು ತಲೆನೋವು ಅಂತ ಮಲಗಿದ್ದಳಂತೆ. ಅವಳ ತಲೆ ಸವರಿ, "ಇವತ್ತ ನಿಮ್ಮನ್ಯಾಗ ಏಕಾದಶಿ ಅಲ್ಲೇನು? ಛಲೋ ಆತು, ಹೊಟ್ಟಿ ಹಗರ ಇರ್ತೈತಿ. ನಾಳೆ ಮುಂಜಾನೆ ಏಳು ಗಂಟೀತನಾ ನೀರು ಕುಡೀಬಹುದು, ತಿಳೀತಾ?" ಅಂದರಂತೆ. ಅವಳು "ಓಕೆ ಆಂಟಿ" ಅಂದಳಂತೆ. ಜಗತ್ತಿಗೆಲ್ಲ ನೀರು ಕುಡಿದೆಯಾ ಅಂತ ಕೇಳುವವರು ಆ ಒಂದು ಸಂಜೆ ಕೇಳಲಿಲ್ಲ. ಉಗುರನ್ನೂ ಒತ್ತಲಿಲ್ಲ, ಮೆಹಂದಿ ಹಚ್ಚಿದ ಹಾಗೆ ಏನೋ ಬಣ್ಣದ ಪಾಲಿಷ್ ಇತ್ತು, ನಾಳೆ ತೆಗೆದು ಬಾ ಅಂದಿದ್ದರು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ನಡೆದದ್ದೆಲ್ಲ ಸರಿಯಾಗಿಯೇ ಕಂಡಿತು. ರಾತ್ರಿಯಿಂದ ಏನಾದರೂ ತಿಂದೆಯಾ ಅಂತ ನರ್ಸ್ ಕೇಳಿದಳು: "ರಾತ್ರಿಲೆರುಂದು ಏದಾವುದು ಸಾಪ್ಟಿಯಾಮ್ಮಾ?" ಪದ್ದು ಇಲ್ಲವೆಂದು ತಲೆಯಾಡಿಸಿದಳು. ಅಕ್ಕ ಹಸಿರು ಟೋಪಿ ಹಾಕಿಕೊಂಡು ಬಂದು ಅದನ್ನೇ ಕೇಳಿದರು. ಅದೇ ಉತ್ತರ. ಬಾಗಿಲು ಮುಚ್ಚಿತು.

ಮಧ್ಯಾಹ್ನ ದಾಟಿದ ಮೇಲೆ ಸರ್ಜನ್ ಬಂದರು. ಮುಖ ಅರಳಿತ್ತು. "ಸೂಪರ್ ಸರ್. ರತ್ತಮೇ ಇಲ್ಲೆ. ಮೇಡಂ ಅವ್ವಳವು ಅಳಗಾ ಪ್ರೆಶರ್ ಕೊರಚ್ಚಾಂಗ" ಎಂದು ನಮ್ಮವರ ಕೈ ಕುಲುಕಿದರು. ರಕ್ತವೇ ಇಲ್ಲ, ಅಷ್ಟು ಚೆನ್ನಾಗಿ ಒತ್ತಡ ಇಳಿಸಿಕೊಟ್ಟರು ಅಂತ. ನಾನು ಸಂತೋಷಕ್ಕೆ ಅತ್ತೇಬಿಟ್ಟೆ. ಅವರ ಹಿಂದೆಯೇ ಅಕ್ಕ ಬರುತ್ತಾರೆಂದು ಕಾದೆ. ಬರಲಿಲ್ಲ.

ನಮ್ಮನ್ನು ಐಸಿಯು ಒಳಗೆ ಬಿಟ್ಟಾಗ ನೋಡಿದರೆ, ಅಕ್ಕ ಪದ್ದುವಿನ ಮಂಚದ ಪಕ್ಕ ಒಂದು ಗಿಡ್ಡ ಸ್ಟೂಲಿನಲ್ಲಿ ಕೂತಿದ್ದಾರೆ. ಮಗಳ ಮುಖ ಊದಿ ಚಂದ್ರಮಂಡಲವಾಗಿತ್ತು, ಹಲ್ಲುಗಳನ್ನು ರಬ್ಬರಿನಿಂದ ಬಿಗಿದಿದ್ದರು. ನಾನು ಆ ಮುಖ ನೋಡುತ್ತಿದ್ದೆ. ಅಕ್ಕ ನೋಡುತ್ತಿರಲಿಲ್ಲ. ಅವರ ಕಣ್ಣು ಹೋದ ಕಡೆ ನಾನೂ ನೋಡಿದೆ. ಚೀಲದ ತಳದಲ್ಲಿ ಡಿಕಾಕ್ಷನ್ ಬಣ್ಣದ್ದು ಒಂದಿಷ್ಟು. ಕೊಳವೆಯಲ್ಲಿ ಒಂದು ಹನಿ ನಿಂತಿತ್ತು. ನಾನು ಅಲ್ಲಿ ಇರುವಷ್ಟು ಹೊತ್ತೂ ಅದು ಬೀಳಲಿಲ್ಲ.

"ನಿನ್ನೆ ಮುಂಜಾನಿಂದ ಈ ಹುಡುಗಿ ಏನೇನು ಕುಡಿದ್ಲು? ಒಂದೊಂದ ಹೇಳು."

"ಎಳನೀರು ಕೊಟ್ಟೆ ಅಕ್ಕ. ಮೋಸಂಬಿ ಜ್ಯೂಸ್..."

"ಕೊಟ್ಟಿದ್ದಲ್ಲ. ಕುಡದಿದ್ದು."

ನಾನು ಹೊರಗೆ ಹೋಗಿದ್ದಾಗ ಮನೆಯಲ್ಲಿ ಇದ್ದವರು ಅತ್ತೆ. "ಅತ್ತೇನ ಕೇಳಲಾ?" ಅಂದೆ. ಕಾರಿಡಾರಿಗೆ ಬಂದು ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅತ್ತೆಗೆ ಕಿವಿ ಮಂದ, ಜೋರಾಗಿ ಮಾತಾಡುತ್ತಾರೆ. ನಮ್ಮವರೂ ಸರ್ಜನ್ನೂ ಪಕ್ಕದಲ್ಲೇ ಇದ್ದರು.

"ಕುಡಿಯೋದಾ?" ಅತ್ತೆಯ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಒಂದು ತೊಟ್ಟು ನೀರು ಮುಟ್ಟಿಲ್ಲ ನನ್ನ ಕೊಳಂದೆ, ನನ್ನ ಮಗು! ನಾನು ಹೇಳಿದೆ, ದವಡೆ ಚೆನ್ನಾಗಿ ಕೂಡಲಿ ಅಂತ ಹರಿಗೆ ಒಂದು ಏಕಾದಶಿ ಒಪ್ಪಿಸಮ್ಮ ಅಂತ. ಒಪ್ಪಿಸಿಬಿಟ್ಟಳು. ಹೇಗಿದ್ರೂ ಬೆಳಿಗ್ಗೆ ಡಾಕ್ಟರ್ ಉಪವಾಸ ಇರು ಅಂತಾರೆ, ಎರಡೂ ಒಟ್ಟಿಗೆ ಮುಗೀತು. ಪಾರಣೆಗೆ ಎಷ್ಟು ಹೊತ್ತಿಗೆ ಬರ್ತೀರಿ?"

"ಹಲೋ? ಹಲೋ?" ಅಂದರು ಅತ್ತೆ. ನಾನು ಫೋನ್ ಮುಚ್ಚಿದೆ.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಹಾಕಿಕೊಂಡರು. ನಮ್ಮವರ ಎದುರಿಗೆ ನೇರ ನಿಂತರು.

"ನನ್ನ ತಪ್ಪು ಆಗೈತ್ರಿ. ಹುಡುಗಿ ಮೊದಲ ಒಣಗಿದ್ಲು. ಅದರ ಮ್ಯಾಲ ನಾನು ಪ್ರೆಶರ್ ಇಳಿಸಿದೆ. ಕಿಡ್ನಿಗೆ ಪೆಟ್ಟು ಬಿದ್ದೈತಿ. ಎಷ್ಟು ಅನ್ನೋದು ಇನ್ನೂ ಗೊತ್ತಿಲ್ಲ."

ಸರ್ಜನ್ ಗಾಬರಿಯಿಂದ, "ಮೇಡಂ, ಇಪ್ಪೋ ಎದುಕ್ಕು ಇದೆಲ್ಲಾಂ? ಕೊಂಚಂ ವೆಯಿಟ್ ಪಣ್ಣಲಾಮೇ" ಅಂತ, ಈಗಲೇ ಇದೆಲ್ಲ ಯಾಕೆ, ಸ್ವಲ್ಪ ಕಾಯೋಣ ಅನ್ನುತ್ತಾ ಅಕ್ಕನ ತೋಳು ಹಿಡಿದರು. ಅಕ್ಕ ತೋಳು ಬಿಡಿಸಿಕೊಂಡರು.

"ಏಕಾದಶಿ ಅಂತ ಗೊತ್ತಿತ್ತು ನನಗ. ನಮ್ಮನ್ಯಾಗ ಅಂಥಾ ದಿನ ಸಾಬೂದಾಣಿ ಖಿಚಡಿ, ಹಾಲು, ಬಾಳೆಹಣ್ಣು, ದಿನಕ್ಕಿಂತ ಒಂದು ಕೈ ಹೆಚ್ಚ ಹೊಟ್ಟಿಗೆ ಹೋಗ್ತೈತಿ. ನಿಮ್ಮ ಹುಡುಗೀನೂ ಹಂಗ ಅಂತ ನಾನ ತಿಳಕೊಂಡೆ. ಕೇಳಬೇಕಾಗಿತ್ತು. ಕೇಳಲಿಲ್ಲ."

ನಮ್ಮವರು ಸಿಟ್ಟಿನ ಮನುಷ್ಯರಲ್ಲ. ಅವತ್ತು ಗೋಡೆಗೆ ಅಂಗೈ ಹೊಡೆದರು. "ನಿಮ್ಮನ್ನ ನಂಬಿ ಕೊಟ್ವಲ್ಲ! ಮನೆಯವರು ಅಂತ ತಾನೇ ನಿಮಗೆ ಕೊಟ್ಟಿದ್ದು!" ಎಂದರು. ಅಕ್ಕ ತಲೆ ತಗ್ಗಿಸಲಿಲ್ಲ. ನಮ್ಮವರು ಬೈದು ಮುಗಿಸುವ ತನಕ ನಿಂತಿದ್ದು, ಆಮೇಲೆ ಒಳಗೆ ಹೋಗಿ ನರ್ಸಿಗೆ, ನೋವಿನ ಇಂಜೆಕ್ಷನ್ ಯಾವುದು ಕೊಡಬಾರದು ಅಂತ ಹೇಳುತ್ತಿದ್ದುದು ಕೇಳಿಸಿತು. ಕಿಡ್ನಿ ಡಾಕ್ಟರನ್ನು ಅವರೇ ಕರೆಸಿದರು. ಬಂದವರಿಗೂ ಅದೇ ಮಾತು, ಅದೇ ಕ್ರಮದಲ್ಲಿ, ತಮ್ಮ ತಪ್ಪಿನಿಂದಲೇ ಶುರು.

ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸೋತಷ್ಟೂ ಹೆಚ್ಚುವ ಕ್ರಿಯಾಟಿನಿನ್ ಸಂಖ್ಯೆ ಏರುತ್ತಾ ಹೋಯಿತು. ಪದ್ದುವಿನ ಕಾಲು ಊದಿತು. ಡಯಾಲಿಸಿಸ್ ಅನ್ನುವ ಮಾತನ್ನು ಕಿಡ್ನಿ ಡಾಕ್ಟರು ಮೊದಲು ಇಂಗ್ಲಿಷಿನಲ್ಲಿ ಮೆಲ್ಲಗೆ, ಆಮೇಲೆ ತಮಿಳಿನಲ್ಲಿ ಸ್ಪಷ್ಟವಾಗಿ ಹೇಳಿದರು. ಮಗಳಿಗೆ ಬಾಯಿ ತೆರೆಯಲಾಗದು. ಫೋನಿನಲ್ಲಿ ಬರೆದು ತೋರಿಸಿದಳು: ಜ್ಯೂಸ್ ಬೇಸಿನ್‌ಗೆ ಸುರಿದೆ ಅಮ್ಮಾ. ಕೊಂಚ ನಿಲ್ಲಿಸಿ ಇನ್ನೊಂದು ಸಾಲು: ನಾನು ಸತ್ತುಹೋಗ್ತೀನಾ?

ನನ್ನ ನಾಲಿಗೆ ಅಭ್ಯಾಸಬಲದಿಂದ ಪರವಾಗಿಲ್ಲ ಅನ್ನಲು ಹೊರಟಿತ್ತು. ಸ್ಟೂಲಿನ ಮೇಲಿಂದ ಅಕ್ಕ ಫೋನ್ ಇಸಕೊಂಡು ಓದಿ, ಅವಳ ಕಡೆ ಬಾಗಿ ಹೇಳಿದರು.

"ಸಾಯಂಗಿಲ್ಲ ಅಂತ ಅನಸ್ತೈತಿ. ಆದ್ರ ಪೆಟ್ಟು ದೊಡ್ಡದು ಆಗೈತಿ, ಮಗಳ. ಕೊಟ್ಟಾಕಿ ನಾನು. ನೀ ಜ್ಯೂಸ್ ಚೆಲ್ಲಿದಿ, ಖರೇ. ಕೇಳೋದು ನನ್ನ ಕೆಲಸ ಇತ್ತು. ಇವತ್ತು ನಾಳೆ ಈ ಚೀಲ ತುಂಬತೈತೇನು ನೋಡೋಣ. ತುಂಬಲಿಲ್ಲ ಅಂದ್ರ ಮಷೀನು. ಎರಡರಾಗ ಯಾವದಾದ್ರೂ ನಾ ಇಲ್ಲೇ ಇರ್ತೀನಿ."

ಎಳೆಯ ಹುಡುಗಿಗೆ ಇಷ್ಟು ನೇರವಾಗಿ ಹೇಳುತ್ತಾರೆಯೇ ಅಂತ ನನಗೆ ಅನ್ನಿಸಿತು. ಆದರೆ ಪದ್ದು ಕಣ್ಣು ಮುಚ್ಚಿ, ಅವರ ಕೈಬೆರಳು ಹಿಡಿದುಕೊಂಡು ನಿದ್ದೆ ಹೋದಳು. ಅಲ್ಲಿಯ ತನಕ ನನ್ನ ಸಮಾಧಾನದ ಮಾತು ಕೇಳಿ ಅವಳು ನಿದ್ದೆ ಮಾಡಿರಲಿಲ್ಲ.

ಮಷೀನಿನ ತನಕ ಹೋಗಲಿಲ್ಲ. ಒಂದು ಬೆಳಿಗ್ಗೆ ಕೊಳವೆಯಲ್ಲಿ ಹನಿ ಜಾರತೊಡಗಿತು. ಆಮೇಲೆ ತಿಳಿ ಹಳದಿ. ಅಕ್ಕ ಅದನ್ನು ನೋಡುತ್ತಾ ಕೂತಿದ್ದ ಪರಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ, ಆದರೆ ಅವರು ನಕ್ಕರು ಅಂತ ಬರೆದರೆ ಸುಳ್ಳಾಗುತ್ತದೆ. ಕಿಡ್ನಿ ಡಾಕ್ಟರು ಬೀಳ್ಕೊಡುವಾಗ ಹೇಳಿದ್ದು: ಸಂಖ್ಯೆ ಇಳಿದಿದೆ, ಆದರೆ ಮೊದಲು ಇದ್ದಲ್ಲಿಗೆ ಬಂದಿಲ್ಲ. ಪೆಟ್ಟು ತಿಂದ ಕಿಡ್ನಿ ವರ್ಷಗಳಾದ ಮೇಲೂ ತಿರುಗಿ ಬೀಳಬಹುದು. ಪ್ರತಿ ವರ್ಷ ನೋಡಿಸಬೇಕು.

ಅಷ್ಟರ ಮೇಲೆ ನಮ್ಮವರು ಕೇಸು, ದೂರು ಅಂತ ಕೆಲವು ದಿನ ಕುದಿದರು. ಅಕ್ಕ ತಾವೇ ಬಂದು, "ಹಾಕ್ರಿ. ನಾ ಇದ್ದದ್ದು ಇದ್ದಂಗ ಹೇಳ್ತೀನಿ" ಅಂದ ಮೇಲೆ ಅವರಿಗೇ ಏನೂ ತೋಚದೆ ಸುಮ್ಮನಾದರು. ಸರ್ಜನ್ ಮಾತ್ರ ಮತ್ತೆ ಅಕ್ಕನನ್ನು ಕರೆಯಲಿಲ್ಲ. ಕಾರಿಡಾರಿನಲ್ಲಿ ರೋಗಿಯ ಮನೆಯವರ ಮುಂದೆ ತಪ್ಪೊಪ್ಪಿಕೊಳ್ಳುವ ಡಾಕ್ಟರ್ ಯಾರಿಗೆ ಬೇಕು? ಮಾತು ಹರಡಿತು. ಸ್ಕೂಟರು ಕೆಳಗೆ ಧೂಳು ಹಿಡಿಯಿತು. ಒಂದೆರಡು ಕಣ್ಣಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು, ಅಷ್ಟೆ.

ಅತ್ತೆ ಬದಲಾಗಲಿಲ್ಲ ಅಂತಲೇ ನಾನು ತಿಳಿದಿದ್ದೆ. ಒಂದು ಏಕಾದಶಿಯ ಸಂಜೆ ಅಕ್ಕ ಬಂದು ಅವರ ಪಕ್ಕ ಕೂತಾಗ, ಅತ್ತೆ ಇದ್ದಕ್ಕಿದ್ದಂತೆ, "ನೀನು ಪ್ರೆಶರ್ ಇಳಿಸಿದೆ, ನಾನು ನೀರು ನಿಲ್ಲಿಸಿದೆ. ನಾವಿಬ್ಬರೂ ಸೇರಿ ಮಗೂನ ಏನು ಮಾಡಿಬಿಟ್ವೇ" ಅಂದರು. ಅಕ್ಕನನ್ನು ಅವರು ಏಕವಚನದಲ್ಲಿ ಎದುರೆದುರೇ ಕರೆದದ್ದು ಅದೇ ಮೊದಲು. ಇಬ್ಬರೂ ಆಮೇಲೆ ಬಹಳ ಹೊತ್ತು ಟಿವಿ ನೋಡುತ್ತಾ ಕೂತಿದ್ದರು. ಟಿವಿ ಆಫ್ ಆಗಿತ್ತು.

ಪದ್ದುವಿನ ದವಡೆ ಚೆನ್ನಾಗಿ ಕೂಡಿತು, ನಿಜ. ಸೇಬನ್ನು ಕಚ್ಚಿ ತಿನ್ನುತ್ತಾಳೆ. ಫೋಟೋದಲ್ಲಿ ಕೈ ಅಡ್ಡ ಇಡುವುದಿಲ್ಲ. ಮಾಧವರಂ ಕಡೆ ಒಂದು ಪ್ಲೇ ಸ್ಕೂಲಿನಲ್ಲಿ ಟೀಚರು. ಪ್ರತಿ ವರ್ಷ ಮೇ ಕಳೆದ ಮೇಲೆ ಅಕ್ಕನೇ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗುವರು. ರಿಪೋರ್ಟ್ ಬಂದಾಗ ಮೊದಲು ನೋಡುವುದು ಅವರೇ. ನನ್ನನ್ನು ನೋಡದೆ, ನಮ್ಮವರನ್ನು ನೋಡದೆ, ಅವಳನ್ನೇ ನೋಡಿ ಹೇಳುವರು: "ಹೋದ ವರ್ಷದಷ್ಟ ಐತಿ." ಆ ಒಂದು ಮಾತಿಗಾಗಿ ನಾವೆಲ್ಲ ಕಾದು ನಿಂತಿರುತ್ತಿದ್ದೆವು. ಹೋದ ವರ್ಷ ಅವರಿಗೇ ಕ್ಯಾನ್ಸರ್ ಹರಡಿ ನಡೆಯಲಾಗದಾಗಿತ್ತು. ಮಂಚದಲ್ಲಿ ಮಲಗಿಯೇ ರಿಪೋರ್ಟ್ ತರಿಸಿಕೊಂಡು ಓದಿದರು. "ಅಷ್ಟ ಐತಿ" ಅಂದರು. ಪದ್ದು ಕೋಣೆಯಿಂದ ಹೊರಗೆ ಹೋದ ಮೇಲೆ ನನ್ನ ಕೈ ಒತ್ತಿ, "ಇದು ಹಿಂಗ ಇರ್ತೈತಿ ಅಂತ ನಾ ಹೇಳಲಾರೆ, ತಂಗಿ" ಅಂದರು. ನನಗೆ ಕೇಳಿಸಲಿಲ್ಲ ಅಂದುಕೊಂಡರೋ ಏನೋ, ಇನ್ನೊಮ್ಮೆ ಹೇಳಿದರು.

ಅವರು ಹೋದದ್ದು ಏಪ್ರಿಲ್‌ನಲ್ಲಿ. ಈ ಸಲ ಲ್ಯಾಬಿಗೆ ಪದ್ದುವಿನ ಜೊತೆ ನಾನು ಹೋದೆ. ರಿಪೋರ್ಟ್ ನಿನ್ನೆ ಸಂಜೆ ವಾಟ್ಸಾಪಿನಲ್ಲಿ ಬಂತು. ಅಡುಗೆಮನೆಯಲ್ಲಿ ಹುಳಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ; ಕೈ ತೊಳೆದುಕೊಂಡು ತೆರೆದೆ. ಹೋದ ವರ್ಷದ್ದನ್ನೂ ತೆರೆದು ಪಕ್ಕದಲ್ಲಿಟ್ಟು ನೋಡಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಅಷ್ಟರಲ್ಲಿ ಅವಳದೇ ಫೋನ್. ಹಿಂದೆ ಮೆಟ್ರೋ ಸ್ಟೇಷನ್ನಿನ ಸದ್ದು.

"ಅಮ್ಮಾ, ರಿಪೋರ್ಟ್ ವಂದಾಚ್ಚಾ? ಎನ್ನ ಪೋಟ್ಟಿರುಕ್ಕು?" ಏನು ಬರೆದಿದೆ ಅಂತ ಕೇಳಿದಳು.

ಪರವಾಗಿಲ್ಲ ಕಣೇ, ಮನೆಗೆ ಬಾ ಅನ್ನಬಹುದಿತ್ತು. ಆ ಮಾತು ಬಾಯಿಗೆ ಬಂದೂ ಇತ್ತು.

"ಏರಿದೆ, ಪದ್ದು" ಅಂದೆ.

ಒಂದು ಟ್ರೇನು ಬಂದು, ಬಾಗಿಲು ತೆರೆದು, ಮುಚ್ಚಿ, ಹೋಯಿತು. ಅವಳು ಹತ್ತಲಿಲ್ಲ ಅಂತ ತಿಳಿಯಿತು.

"ಎವ್ವಳವು ಅಮ್ಮಾ? ಎಷ್ಟು?"

ನಾನು ಸಂಖ್ಯೆ ಓದಿದೆ.